ಹಳೆ ಮನಿ ಕೆಡವಿದ ಮಾಲು ಏನ್ ಮಾಡಿದ್ರಿ? ಅನುಭವ ಹೇಳ್ರಿ

ಹಳೇ ಹುಬ್ಬಳ್ಳಿ:
ಅಜ್ಜನ ಕಾಲದ ಮನಿ, ಗಚ್ಚಿನ ಇಟ್ಟಂಗಿ ಗ್ವಾಡಿ, ಸಾಗವಾನಿ ತೊಲಿ, ಮಂಗಳೂರ ಹಂಚು. ಓಣಿ 8 ಫೂಟು, ಜೆಸಿಬಿ ಬರಂಗಿಲ್ಲ. ಏನ್ ಉಳಿಸ್ಕೊಬೇಕು, ಉಳದದ್ದು ಎಲ್ಲಿ ಹಾಕ್ಬೇಕು? ಮಾಡಿಸಿದವ್ರು ಹೇಳ್ರಿ.

ಮಾಳಮಡ್ಡಿ:
ಜೆಸಿಬಿ ಮಾತೇ ಬ್ಯಾಡ್ರಿ. ನಾವು ಮ್ಯಾಲಿಂದ ಕೈಲೇ ಬಿಚ್ಚಿಸಿದ್ವಿ, ಮೊದಲ ಹಂಚು, ಆಮ್ಯಾಲ ರೀಪು, ತೊಲಿ, ಕಡೀಕ ಗ್ವಾಡಿ. 4 ಆಳು 13 ದಿನ, 800ರಂಗ 41,600, ಚಹಾ-ಮಿರ್ಚಿ ಬ್ಯಾರೆ. ಗಚ್ಚಿನ ಇಟ್ಟಂಗಿಗೆ ಕರಣಿ ಹಿಡಿಕಿಲೆ ಒಂದ್ ಏಟು ಕೊಟ್ರ ಗಚ್ಚು ಸಿಪ್ಪಿ ಸುಲದಂಗ ಬಿಡತೈತಿ, ಸಿಮೆಂಟಿಂದಾದ್ರ ಇಟ್ಟಂಗಿನೇ ಒಡೀತಾವ. 5,200 ಇಡೀ ಇಟ್ಟಂಗಿ ಸಿಕ್ವು, ಕಂಪೌಂಡ್ ಪೂರಾ ಅದರಾಗ ಆತು. ಕಟ್ಟೂಮುಂದ ನೀರಾಗ ನೆನಸ್ರಿ, ಇಲ್ಲಂದ್ರ ಸಿಮೆಂಟಿನ ನೀರೆಲ್ಲಾ ಹೀರತಾವ.

ಗೋಕುಲ ರೋಡ್:
13 ದಿನ ಯಾರ ಕಡೆ ಅದಾವ್ರಿ? ನಂದು ಬಾಡಿಗಿ ತಿಂಗಳಿಗೆ 14,000 ಹೊಂಟಿತ್ತು. ಜೆಸಿಬಿ 5 ತಾಸು, 6,500ಕ್ಕ ಮುಗೀತು ಅಂದ್ಕೊಂಡೆ. ಆಮ್ಯಾಲ ಟ್ರಾಕ್ಟರ್ 34 ಟ್ರಿಪ್, 900ರಂಗ 30,600. ಮಣ್ಣು, ಕಟಗಿ, ವೈರು, ಸಂಡಾಸದ ಪಿಂಗಾಣಿ ಎಲ್ಲಾ ಕಲಸಿ ಹೋಗಿತ್ತು, ಭರ್ತಿಗೂ ಯಾರೂ ಒಲ್ಲೆ ಅಂದ್ರು. ಕಡೀ 6 ಟ್ರಿಪ್ ಡ್ರೈವರ್ ರಾತ್ರಿ ನಾಲಾ ದಂಡಿಗೆ ಸುರುವಿ ಬಂದಾನ, ದಂಡ ನನ್ನ ಹೆಸರಿಗೆ. ಮತ್ತ ತುಂಬಿಸಿ ತಗಿಸಾಕ 11,000. ಇನ್ನೂ ಹೊಟ್ಟಿ ಉರೀತೈತಿ.

ಮಾಳಮಡ್ಡಿ:
ಎಲ್ಲಿ ಹಾಕ್ತಿ ಅಂತ ಮೊದಲ ಕೇಳಬೇಕಿತ್ತಲ್ರಿ. ಮಳಿಗಾಲದಾಗ ನಾಲಾ ಕಟ್ಟಿ ಬಡವರ ಮನಿಗೆ ನೀರು ಹೊಗೋದು ಇದರಿಂದನ.

ಗೋಕುಲ ರೋಡ್:
13 ದಿನ ನಿಮ್ಮ ಧೂಳು ಕುಡದ ಓಣಿ ಮಂದೀನೂ ಕೇಳ್ರಿ ಒಮ್ಮೆ.

ಗದಗ:
ನಾನು ಟ್ರಿಪ್ ರೊಕ್ಕ ಉಳೀತು ಅಂತ ಕೆಡವಿದ್ದನ್ನ ಆರಿಸದೇ ಪ್ಲಿಂತಿಗೆ (ನೆಲದ ಕೆಳಗಿನ ಭರ್ತಿಗೆ) ತುಂಬಿಸಿದೆ. ಪಾಯಾ ತಗದ ಎರಿ ಮಣ್ಣೂ ಅದರಾಗ ಬಿತ್ತು. ಎರಿ ಅಂದ್ರ ಗೊತ್ತಲ್ಲ, ಮಳಿಗಿ ಉಬ್ಬತೈತಿ ಬ್ಯಾಸಗಿಗೆ ಬಿರೀತೈತಿ. ಎರಡನೇ ವರ್ಷ ಅಡಗಿಮನಿ ಟೈಲ್ಸ್ 1 ಇಂಚು ಕುಂತ್ವು. ಒಳಗ ರೀಪಿನ ತುಂಡು ಉಳದಿದ್ವು, ಗೆದ್ದಲಿ ಅಲ್ಲಿಂದ ಹೊಸ ಚೌಕಟ್ಟಿಗೆ ಹತ್ತಿತು. ಎಲ್ಲಾ ಒಡದು ಗರಸು ಹಾಕಿ, ಪದರ ಪದರ ನೀರು ಹೊಡದು ದಿಮ್ಮಸು ಮಾಡ್ಸಾಕ 78,000 ಹೋತು. ನಮ್ಮಾಕಿ ಎರಡು ತಿಂಗಳು ಪಡಸಾಲ್ಯಾಗ ಅಡಗಿ ಮಾಡಿದ್ಲು.

ಹಾವೇರಿ:
ನಾನು ಸೈಟ್ ಇಂಜಿನಿಯರ್. ಕೆಡವಿದ ಮಾಲಿನ 2016ರ ನಿಯಮದಾಗ ದಿನಕ್ಕ 20 ಟನ್ ಇಲ್ಲಾ ತಿಂಗಳಿಗೆ 300 ಟನ್ ಮಾಲು ಆಗೋರು ಕಾಂಕ್ರೀಟು, ಮಣ್ಣು, ಕಬ್ಬಿಣ-ಕಟಗಿ-ಪ್ಲಾಸ್ಟಿಕ್ಕು, ಇಟ್ಟಂಗಿ-ಗಾರೆ ಅಂತ ನಾಕು ಗುಂಪಿ ಮಾಡಬೇಕಂತ ಹಾಕಿದ್ರು. ಸಣ್ಣ ಮನಿಗೂ ಹಂಗ ಮಾಡ್ರಿ, ಗದಗದವ್ರ ಗತಿ ಬರಂಗಿಲ್ಲ. ಒಡದ ಕಾಂಕ್ರೀಟಿನ ಖಡಿ ಐಎಸ್ 383 (ಕಾಂಕ್ರೀಟಿನ ಖಡಿ-ಮರಳಿನ ಭಾರತೀಯ ಮಾನದಂಡ) ಪ್ರಕಾರ ಎಂ15ಕ್ಕಿಂತ (ಎಂ ಅಂದ್ರ ಕಾಂಕ್ರೀಟಿನ ಗಟ್ಟಿತನದ ದರ್ಜೆ) ಕಮ್ಮಿ ಇರೋ ತಳದ ಬೆಡ್ಡಿಗೆ ಪೂರಾ ನಡೀತೈತಿ, ಕಬ್ಬಿಣದ ಸಳಿ ಹಾಕೋ ಕಾಂಕ್ರೀಟಿಗೆ ಎಂ25 ತನಕ, ಅದೂ ಖಡಿಯಾಗ 20% ಅಷ್ಟ.

ಗೋಕುಲ ರೋಡ್:
ಸರ, ನಾಕು ಗುಂಪಿಗೆ ಜಾಗಾ ಎಲ್ಲೈತ್ರಿ? 30x40 ಸೈಟು.

ಹಾವೇರಿ:
ಒಂದೇ ದಿನ ಪೂರಾ ಕೆಡವಿದ್ರ ಜಾಗಾ ಸಾಲಂಗಿಲ್ಲ. ದಿನಾ ಬಿಚ್ಚಿ ದಿನಾ ಸಾಗಿಸಿದ್ರ ಸಾಲತೈತಿ.

ಹಳೇ ಹುಬ್ಬಳ್ಳಿ:
ತೊಲಿ, ಚೌಕಟ್ಟು ಮಾರಿದ್ರೇನು?

ಮಾಳಮಡ್ಡಿ:
ತೊಲಿ ಮಾರಿದೆ. ಬಾಗಲಾ, ಹೊಸ್ತಿಲಾ ಹೊಸ ಮನಿಗೇ ಕೂಡ್ಸಿದೆ.

ಗದಗ:
ಹಳೆ ಹೊಸ್ತಿಲಾ ಹೊಸ ಮನಿಗೆ ಹಾಕಬಾರದ್ರಿ. ನಮ್ಮ ಕಡೆ ಯಾರೂ ಹಾಕಂಗಿಲ್ಲ.

ಮಾಳಮಡ್ಡಿ:
ನಮ್ಮವ್ವ 40 ವರ್ಷ ಅರಿಷಿಣ-ಕುಂಕುಮ ಹಚ್ಚಿದ ಹೊಸ್ತಿಲದು. ಅದನ್ನ ಮೋಡಕಾದವನ ಗಾಡಿಗೆ ಹಾಕು ಅಂತೀರೇನು? ನನ್ನ ಕೈಲೆ ಆಗಂಗಿಲ್ಲ.