ಹಳೆ ಡಯಾನಾ 10 ಪಿಸ್ತೂಲ್: ತಗೊಳ್ಳಬಹುದಾ?

ಕೇಳಿದ್ದು

ನಾನು ಜರ್ಮನಿಯ ಫ್ರೈಬುರ್ಗ್ ಹತ್ತಿರ ಇದ್ದೇನೆ. ನಮ್ಮ ಶೂಟಿಂಗ್ ಕ್ಲಬ್ಬಿನ ಹಿರಿಯರೊಬ್ಬರು ತೀರಿಕೊಂಡರು. ಅವರ ಡಯಾನಾ ಮಾಡೆಲ್ 10 ಏರ್ ಪಿಸ್ತೂಲನ್ನು ಮನೆಯವರು ಮಾರುತ್ತಿದ್ದಾರೆ. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲೇ ಇತ್ತಂತೆ, ನೋಡೋಕೆ ಹೊಸದರ ಹಾಗಿದೆ. ತಗೊಳ್ಳಲಾ? ಗೊತ್ತಿದ್ದವರು ಹೇಳಿ.

ಸ್ಟುಟ್‌ಗಾರ್ಟ್‌ನಿಂದ

ತಗೊಳ್ಳಿ. ಆದರೆ ಒಂದು ಸಲವೂ ಹೊಡೆದು ನೋಡಬೇಡಿ.

ಇದು ರಾಸ್ಟಾಟ್‌ನಲ್ಲಿ ತಯಾರಾದ ಒಳ್ಳೆಯ ಪಿಸ್ತೂಲ್. ಒಳಗೆ ಎರಡು ಪಿಸ್ಟನ್ ಇವೆ. ಮುಂದಿನದು ಗಾಳಿ ಒತ್ತುತ್ತದೆ, ಹಿಂದಿನದು ಅದೇ ಹೊತ್ತಿಗೆ ಎದುರು ದಿಕ್ಕಿಗೆ ಓಡುತ್ತದೆ. ಎರಡರ ಧಕ್ಕೆ ಒಂದಕ್ಕೊಂದು ವಜಾ ಆಗಿ ಕೈ ಅಲುಗುವುದೇ ಇಲ್ಲ. ಗಿಸ್ ಅನ್ನುವವರ ಯೋಚನೆ ಇದು. 10 ಮೀಟರ್ ಗುರಿಯಲ್ಲಿ 10ರ ವೃತ್ತ ಬರೀ 11.5 ಮಿ.ಮೀ. ಅಗಲ, ಹಾಗಾಗಿ ಈ ನಿಶ್ಚಲತೆಗೆ ಅಷ್ಟು ಬೆಲೆ.

ತೊಂದರೆ ಇರುವುದು ಪಿಸ್ಟನ್ ತಲೆಯ ಸೀಲ್‌ನಲ್ಲಿ, ಅಂದರೆ ಗಾಳಿ ಸೋರದಂತೆ ತಡೆಯುವ ಬಿಲ್ಲೆಯಲ್ಲಿ. ಆ ಕಾಲದ ಪ್ಲಾಸ್ಟಿಕ್ ವಯಸ್ಸಾದಂತೆ ಪುಡಿಯಾಗುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರೂ ಬಿಡುವುದಿಲ್ಲ. ನಾನು ಇದೇ ಬಗೆಯ ಡಯಾನಾ ಮಾಡೆಲ್ 6 ತಂದ ದಿನವೇ ಆಸೆಯಿಂದ ಹತ್ತು ಹದಿನೈದು ಸಲ ಹೊಡೆದೆ. ಆಮೇಲೆ ಪೆಲೆಟ್ (ಏರ್‌ಗನ್ನಿನ ಗುಂಡು) ನಳಿಗೆಯಲ್ಲೇ ಸಿಕ್ಕಿಕೊಂಡಿತು. ಬಿಚ್ಚಿಸಿದರೆ ಸೀಲ್ ಹಳೆ ಬೆಲ್ಲದ ಹಾಗೆ ಉದುರಿತ್ತು. ಗಾಳಿಯ ತಡೆ ಇಲ್ಲದೆ ಪಿಸ್ಟನ್ ಲೋಹಕ್ಕೆ ಲೋಹ ಬಡಿದು, ಎರಡು ಪಿಸ್ಟನ್ನನ್ನೂ ಜೋಡಿಸುವ ಗೇರಿನ ಹಲ್ಲುಗಳೂ ಸವೆದಿದ್ದವು. ಸೀಲ್ ಸುಲಭಕ್ಕೆ ಸಿಕ್ಕಿತು. ಗೇರಿಗೆ ತಿಂಗಳುಗಟ್ಟಲೆ ಹುಡುಕಿದೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ನೋಡಲು ಹೋದಾಗ ನಳಿಗೆಯನ್ನು ಸ್ವಲ್ಪ ಮಾತ್ರ ಬಾಗಿಸಿ. ಪೂರ್ತಿ ಎಳೆದರೆ ಸ್ಪ್ರಿಂಗ್ ಬಿಗಿದು ಹೊಡೆಯಲು ಸಿದ್ಧವಾಗಿಬಿಡುತ್ತದೆ. ನಳಿಗೆಯ ಹಿಂದೆ ಕಾಣುವ ಗಾಳಿ ತೂತಿನ ಬಾಯಲ್ಲಿ ಹಳದಿ ಅಥವಾ ಕಂದು ಪುಡಿ ಇದೆಯಾ ನೋಡಿ. ಇದ್ದರೆ ಸೀಲ್ ಹೋಗಿದೆ ಅಂತ ಲೆಕ್ಕ, ಬೆಲೆ ಹಾಗೆ ಮಾತಾಡಿ. ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಸಿಲಿಂಡರಿನೊಳಗೆ ಎಣ್ಣೆ ಹೊತ್ತಿಕೊಂಡು ಸಿಡಿಯುತ್ತದೆ.

ಬರ್ಮಿಂಗ್‌ಹ್ಯಾಮ್‌ನಿಂದ

ಇಲ್ಲಿ ಇದೇ ಪಿಸ್ತೂಲ್ 'ಒರಿಜಿನಲ್' ಅನ್ನುವ ಹೆಸರಲ್ಲಿ ಸಿಗುತ್ತದೆ. ಎರಡನೇ ಮಹಾಯುದ್ಧದ ನಂತರ ಡಯಾನಾ ಹೆಸರು ಬ್ರಿಟನ್ನಿನ ಮಿಲ್‌ಬ್ರೋ ಕಂಪನಿಗೆ ಹೋಗಿತ್ತು, ಅದಕ್ಕೆ. ಬಿಡಿಭಾಗ ಹುಡುಕುವಾಗ ಎರಡೂ ಹೆಸರು ಹಾಕಿ.

ಸೀಲ್ ಈಗ ಪಾಲಿಯುರೆಥೇನ್‌ನಲ್ಲಿ ಬರುತ್ತದೆ, ತುಂಬಾ ದಿನ ಬಾಳುತ್ತದೆ. ಆದರೆ ನೀವೇ ಬಿಚ್ಚಬೇಡಿ. ಎರಡು ಪಿಸ್ಟನ್ನಿಗೂ ಗೇರು ಸರಿಯಾದ ಹಲ್ಲಿಗೇ ಕೂರಬೇಕು. ಒಂದು ಹಲ್ಲು ಆಚೀಚೆ ಆದರೂ ಹೊಂದಾಣಿಕೆ ತಪ್ಪುತ್ತದೆ. ಸ್ಪ್ರಿಂಗ್ ಬೇರೆ ಒತ್ತಡದಲ್ಲಿರುತ್ತದೆ, ಕೈಗೆ ಮುಖಕ್ಕೆ ಬಡಿಯಬಹುದು. ಗಿಸ್ ಕೆಲಸ ಬಲ್ಲವರಿಗೇ ಕೊಡಿ. ಹೊರಗಿನ ಕಪ್ಪು ಬಣ್ಣ ಮಾತ್ರ ಮುಟ್ಟಿಸಬೇಡಿ. ಆ ಹಿರಿಯರ ಕೈ ಸವೆಸಿದ ಗುರುತು ಎಲ್ಲಾದರೂ ಇದ್ದರೆ ಹಾಗೇ ಇರಲಿ ಅಲ್ವಾ?

ಮ್ಯೂನಿಕ್‌ನಿಂದ

ಕಾನೂನಿನ ಮಾತು. ಜರ್ಮನಿಯಲ್ಲಿ 18 ತುಂಬಿದವರು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬೇಕಾದರೆ ಪಿಸ್ತೂಲಿನ ಮೇಲೆ ಪಂಚಕೋನದೊಳಗೆ 'ಎಫ್' ಗುರುತು ಇರಬೇಕು. ಅಂದರೆ 7.5 ಜೌಲ್ ಮೀರುವುದಿಲ್ಲ ಅಂತ. 1970ಕ್ಕೆ ಮೊದಲಿನವಕ್ಕೆ ವಿನಾಯಿತಿ ಇದೆ, ಆದರೆ ಮಾಡೆಲ್ 10 ಬಂದದ್ದು ಅದರ ನಂತರ. ಮುಂದೆ ಊರಿಗೆ ಒಯ್ಯುವ ಯೋಚನೆ ಇದ್ದರೆ ಮೊದಲೇ ಕಸ್ಟಮ್ಸ್‌ನಲ್ಲಿ ಕೇಳಿ. ಭಾರತದಲ್ಲಿ ಏರ್‌ಗನ್ ಇಟ್ಟುಕೊಳ್ಳುವ ನಿಯಮ ಬೇರೆ, ಹೊರಗಿನಿಂದ ತರುವ ನಿಯಮ ಬೇರೆ.

ಕೇಳಿದವರಿಂದಲೇ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಹೋಗಿದ್ದೆ. 'ಎಫ್' ಇದೆ. ಗಾಳಿ ತೂತಿನಲ್ಲಿ ಹಳದಿ ಪುಡಿಯೂ ಇತ್ತು. ಆ ಹಿರಿಯರ ಹೆಂಡತಿ ಅಜ್ಜಿಗೆ ತೋರಿಸಿದೆ, ರಿಪೇರಿ ಖರ್ಚು ಕಳೆದು ಕೊಟ್ಟರು. ಯಜಮಾನರು ಗುರಿ ಹೊಡೆದ ಹಳೆಯ ಕಾಗದಗಳ ಕಟ್ಟನ್ನೂ ಜೊತೆಗೆ ಇಟ್ಟರು. ಪಿಸ್ತೂಲ್ ಮುಂದಿನ ವಾರ ಸೀಲ್ ಹಾಕಿಸಲು ಹೋಗುತ್ತದೆ.