ಸಹಾಯ ಬೇಕು: ಬಿಬಿಎ ಮಕ್ಕಳಿಗೆ ಜೀನ್ ಅಂದರೆ ಏನು ಅಂತ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕಾಲೇಜೊಂದರಲ್ಲಿ ಬಿಬಿಎ ಮಕ್ಕಳಿಗೆ ಬಯೋಟೆಕ್ ಉದ್ಯಮದ ಪಾಠ ಮಾಡುತ್ತಿದ್ದೇನೆ. ಹೆಚ್ಚಿನವರು ಹತ್ತನೇ ಕ್ಲಾಸಿನ ನಂತರ ಜೀವಶಾಸ್ತ್ರ ಮುಟ್ಟಿಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿ 1978ರಲ್ಲಿ ಶುರುವಾದಾಗ ಪಪ್ಪಾಯಿಯಿಂದ ಪಪೈನ್ ಎಂಬ ಕಿಣ್ವ ತಯಾರಿಸುತ್ತಿತ್ತು ಎಂದಾಗ ಕಿವಿಗೊಟ್ಟು ಕೇಳಿದರು. ಹಿತ್ತಲಿನ ಹಣ್ಣು, ಅಲ್ವಾ! ಹುದುಗು ಬರುವುದನ್ನು ದೋಸೆ ಹಿಟ್ಟು ತೋರಿಸಿಯೇ ಹೇಳಿದೆ. ಆದರೆ ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಔಷಧಿ ಮಾಡುತ್ತಾರೆ, 1982ರಲ್ಲೇ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು ಎಂದಾಗ ಮುಖಗಳು ಬಾಡಿದವು. ಸುಮ್ನೆ ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ.

ಜೀನ್‌ಗೆ ಒಂದು ಒಳ್ಳೆ ಹೋಲಿಕೆ ಕೊಡ್ತೀರಾ? ನಮ್ಮ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ತೆಂಗು, ಅಡಿಕೆಯ ಅಂಗಾಂಶ ಕೃಷಿ (ಗಿಡದ ಚಿಕ್ಕ ತುಣುಕಿನಿಂದ ಲ್ಯಾಬಿನಲ್ಲಿ ಸಸಿ ಬೆಳೆಸುವುದು) ಬಲ್ಲವರು ಯಾರಾದರೂ ಇದ್ದರೆ, ಒಂದು ಗಂಟೆ ಕನ್ನಡದಲ್ಲಿ ಮಕ್ಕಳ ಜೊತೆ ಮಾತಾಡಿದರೆ ದೊಡ್ಡ ಉಪಕಾರ.