ಅಪ್‌ಡೇಟ್: ಕಾರ್ ಸೀಟಿನ ನಾಯಿ ಕೂದಲಿಗೆ ದಾರಿ ಸಿಕ್ಕಿತು

ನಮ್ಮ ಲ್ಯಾಬ್ರಡಾರ್ ಕೂದಲು ಕಾರಿನ ಬಟ್ಟೆ ಸೀಟಿಗೆ ಹೊಕ್ಕಿಕೊಂಡಿದೆ, ವ್ಯಾಕ್ಯೂಮ್ ಹಿಡಿದರೂ ಬರುತ್ತಿಲ್ಲ ಅಂತ ಕೇಳಿದ್ದೆ ಅಲ್ವಾ? ಗೆದ್ದದ್ದು ರಬ್ಬರ್ ಗ್ಲೌಸ್. ಪಾತ್ರೆ ತೊಳೆಯಲು ಹಾಕಿಕೊಳ್ಳುತ್ತಾರಲ್ಲ, ಅದೇ, ದೇವರಾಜ ಮಾರುಕಟ್ಟೆ ಹತ್ತಿರ ಸಿಕ್ಕಿತು. ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿಗೆ ಎಳೆದರೆ ಕೂದಲೆಲ್ಲ ಉಂಡೆ ಕಟ್ಟಿ ಮೇಲೆ ಬರುತ್ತದೆ, ಹಿಂದೆ ಮುಂದೆ ಉಜ್ಜಿದರೆ ಮಾತ್ರ ಮತ್ತೆ ಒಳಗೇ ಸೇರಿಕೊಳ್ಳುತ್ತದೆ. ಆಮೇಲೆ ವ್ಯಾಕ್ಯೂಮ್. ಈ ಸಲಹೆ ಕೊಟ್ಟವರಿಗೆ ದೊಡ್ಡ ಥ್ಯಾಂಕ್ಸ್.

ಅಗಲದ ಟೇಪು ಸೀಟಿಗೆ ಪರವಾಗಿಲ್ಲ, ಕಾಲಡಿಯ ಕಾರ್ಪೆಟ್‌ಗೆ ಸುಮ್ನೆ ದುಡ್ಡು ದಂಡ. ಬಟ್ಟೆ ಕಂಡೀಷನರನ್ನು ನೀರಿಗೆ ಬೆರೆಸಿ ಸಿಂಪಡಿಸಿದರೆ ಕೂದಲು ಸಡಿಲವಾಗುತ್ತದೆ ನಿಜ, ಆದರೆ ಆ ಘಮಕ್ಕೆ ನಾಯಿಗೇ ಸೀನು! ಕಾಲು ಉಜ್ಜುವ ಕಲ್ಲಿನಿಂದ ಕಾರ್ಪೆಟ್ ಮೂಲೆಯಲ್ಲಿ ಉಜ್ಜಿ ನೋಡಿದೆ. ಕೂದಲು ಬಂತು, ಜೊತೆಗೆ ಕಾರ್ಪೆಟ್‌ನ ನೂಲೂ ಬಂತು. ಸೀಟಿಗಂತೂ ಬೇಡವೇ ಬೇಡ.

ನಾನು ಊಹಿಸದೇ ಇದ್ದದ್ದು ಎಸಿ ಫಿಲ್ಟರ್. ಮೆಕ್ಯಾನಿಕ್ ಡ್ಯಾಶ್‌ಬೋರ್ಡಿನ ಡಬ್ಬಿ ಹಿಂದಿನಿಂದ ಅದನ್ನು ಎಳೆದರೆ ತುಂಬಾ ಕೂದಲು, ಎಸಿ ಗಾಳಿ ಕಮ್ಮಿಯಾಗಿದ್ದು ಅದಕ್ಕೇ ಅಂತೆ. ಹೊಸದು ಹಾಕಿಸಿದೆ. ಈಗ ನಂಜನಗೂಡಿಗೆ ಹೊರಡುವ ಮುಂಚೆ ಮನೆ ಮುಂದೆಯೇ ನಾಯಿಗೆ ಬ್ರಷ್ ಮಾಡಿ, ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟ್ ಹಾಸುತ್ತೇನೆ.